ಎಕ್ಸ್‌ಪಿಎಸ್ ಟೆಸ್ಟಿಂಗ್ ಸರ್ವಿಸ್: ಮಷೀನ್‌ಗೆ ಪೂರ್ತಿ ಅಂಕ, ರಿಪೋರ್ಟ್‌ಗೆ ಅರ್ಧ

ಮೂಳೆಗೆ ಹಾಕುವ ಟೈಟೇನಿಯಂ ಸ್ಕ್ರೂಗಳ ಕ್ಲೀನಿಂಗ್ ಮತ್ತು ಪ್ಯಾಸಿವೇಶನ್ (ಆಸಿಡ್‌ನಲ್ಲಿ ಅದ್ದಿ, ಲೋಹವನ್ನು ಕಾಯುವ ಆಕ್ಸೈಡ್ ಪದರ ಬರಿಸುವುದು) ನೋಡಿಕೊಳ್ಳುವುದು ನನ್ನ ಕೆಲಸ. ನೈಟ್ರಿಕ್ ಆಸಿಡ್ ಬಿಟ್ಟು ಸಿಟ್ರಿಕ್‌ಗೆ ಬಂದೆವು. ಮೇಲಿನ ಆಕ್ಸೈಡ್ ಪದರ ಮೊದಲಿನ ಹಾಗೇ ಇದೆಯಾ ಅಂತ ತಿಳಿಯಬೇಕಿತ್ತು. ಅದೇ ಲೋಹದ, ಅಂದರೆ 6% ಅಲ್ಯೂಮಿನಿಯಂ, 4% ವೆನೇಡಿಯಂ ಇರುವ ಟೈಟೇನಿಯಂನ ಆರು ಬಿಲ್ಲೆಗಳಿಗೆ ಕನ್ನಡಿ ಹಾಗೆ ಪಾಲಿಶ್ ಮಾಡಿದೆ. ಮೂರು ಹಳೆಯ ಆಸಿಡ್‌ನಲ್ಲಿ, ಮೂರು ಹೊಸದರಲ್ಲಿ ಅದ್ದಿ ಎಕ್ಸ್‌ಪಿಎಸ್ ಪರೀಕ್ಷೆಗೆ, ಅಂದರೆ ಎಕ್ಸ್-ಕಿರಣ ಬಿಟ್ಟು ಮೇಲ್ಮೈಯಿಂದ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ಪರೀಕ್ಷೆಗೆ, ಲ್ಯಾಬ್‌ಗೆ ಕಳಿಸಿದೆ. ಲ್ಯಾಬ್ ಹೆಸರು ಬರೆಯುವುದಿಲ್ಲ.

ನಮ್ಮಲ್ಲೇ ಇಡಿಎಸ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಜೊತೆ ಬಳಸುವ, ಯಾವ ಧಾತು ಇದೆ ಎಂದು ಹೇಳುವ ಉಪಕರಣ) ಇದೆ, ಅದು ಸಾಕಾಗಲ್ವಾ ಅಂತ ಮ್ಯಾನೇಜರ್ ಕೇಳಿದರು. ಸಾಕಾಗುವುದಿಲ್ಲ. ಪದರ ಇರುವುದೇ ಸುಮಾರು 5 ನ್ಯಾನೋಮೀಟರ್. ಇಡಿಎಸ್ ಒಂದು ಮೈಕ್ರಾನ್‌ನಷ್ಟು ಆಳದಿಂದ ಸಿಗ್ನಲ್ ಎತ್ತಿಕೊಂಡು ಬರುತ್ತದೆ. ಕೆನೆಯ ದಪ್ಪ ನೋಡಲು ಹಾಲನ್ನೆಲ್ಲ ಕಲಕಿದ ಹಾಗೆ. ಎಕ್ಸ್‌ಪಿಎಸ್‌ನಲ್ಲಿ ಮೇಲಿನ 10 ನ್ಯಾನೋಮೀಟರ್‌ನಷ್ಟರ ಎಲೆಕ್ಟ್ರಾನ್‌ಗಳು ಮಾತ್ರ ಹೊರಬೀಳುತ್ತವೆ. ಟೈಟೇನಿಯಂ ಡೈಆಕ್ಸೈಡ್ ಆಗಿದ್ದರೆ ಎಲೆಕ್ಟ್ರಾನ್‌ಗಳ ಬಂಧನ ಶಕ್ತಿಯ ಗ್ರಾಫ್‌ನಲ್ಲಿ ಪೀಕ್ (ಶಿಖರ) 458.5 ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಬರೀ ಲೋಹವಾಗಿದ್ದರೆ 454ರ ಹತ್ತಿರ. ಎರಡೂ ಕಂಡರೆ ಪದರ ತೆಳು, ಕೆಳಗಿನ ಲೋಹ ಇಣುಕುತ್ತಿದೆ ಎಂದರ್ಥ.

ಒಂಬತ್ತನೇ ದಿನ ರಿಪೋರ್ಟ್ ಬಂತು. ಓದಿ ಎದೆ ಧಸಕ್ ಎಂದಿತು. ಹೊಸ ಬಿಲ್ಲೆಗಳಲ್ಲಿ ಡೈಆಕ್ಸೈಡ್ ಕೆಳಗೆ ಆಮ್ಲಜನಕ ಕಡಿಮೆ ಇರುವ ಆಕ್ಸೈಡ್‌ಗಳ ದಪ್ಪ ಪದರ ಇದೆ, ಪ್ಯಾಸಿವೇಶನ್ ಅಪೂರ್ಣ ಅಂತ ಬರೆದಿದ್ದರು. ಪದರದ ದಪ್ಪ 9 ನ್ಯಾನೋಮೀಟರ್ ಅಂತೆ! ಲೈನ್ ನಿಲ್ಲಿಸಿ ಎಂದು ಮೇಲ್ ಟೈಪ್ ಮಾಡಿ, ಕಳಿಸದೆ ಇಟ್ಟೆ.

ಆಳ ನೋಡಲು ಅವರು ಆರ್ಗಾನ್ ಅಯಾನುಗಳಿಂದ ಮೇಲ್ಮೈಯನ್ನು ಕೆರೆದಿದ್ದರು. ಆರ್ಗಾನ್ ಹೊಡೆತಕ್ಕೆ ಟೈಟೇನಿಯಂಗಿಂತ ಆಮ್ಲಜನಕವೇ ಮೊದಲು ಎದ್ದು ಹೋಗುತ್ತದೆ. ಒಳ್ಳೆಯ ಡೈಆಕ್ಸೈಡ್ ಕೂಡ ನಮ್ಮ ಕಣ್ಣೆದುರೇ ಕೆಳದರ್ಜೆಯದಾಗುತ್ತದೆ. ಲೋಹದ ಅಂಚಿನಲ್ಲಿ ಅಂಥದ್ದು ಕೊಂಚ ಇರುವುದು ಸಹಜ, ಆದರೆ ಅಷ್ಟೊಂದಲ್ಲ. ಹಳೆಯ ಬಿಲ್ಲೆಗಳನ್ನು ಕೆರೆದೇ ಇರಲಿಲ್ಲ. ಡೆಪ್ತ್ ಪ್ರೊಫೈಲ್‌ಗೆ (ಹೀಗೆ ಕೆರೆದು ಆಳ ನೋಡುವುದಕ್ಕೆ) ಬೇರೆ ಚಾರ್ಜು ಅಂತ ಹೊಸದಕ್ಕೆ ಮಾತ್ರ ಹೇಳಿದ್ದೆ. ಅದು ನನ್ನ ಜಿಪುಣತನ.

ಸುಮ್ನೆ ವಾದ ಮಾಡದೆ ಇನ್ನೊಂದು ಬಿಲ್ಲೆ ಕಳಿಸಿದೆ. ನೀಲಿ ಬಣ್ಣ ಬರುವಷ್ಟು ಅನೋಡೈಸ್ ಮಾಡಿದ್ದು (ವಿದ್ಯುತ್ ಹಾಯಿಸಿ ಆಕ್ಸೈಡ್ ಬೆಳೆಸಿದ್ದು), ಆಕ್ಸೈಡೇ ಹತ್ತಾರು ನ್ಯಾನೋಮೀಟರ್ ದಪ್ಪ. ಇದನ್ನೂ ಹಾಗೇ ಕೆರೆಯಿರಿ ಎಂದೆ. ಲೋಹ ಇನ್ನೂ ದೂರ ಇರುವಾಗಲೇ, ಆಮ್ಲಜನಕ ಕಡಿಮೆ ಇರುವ ಆಕ್ಸೈಡ್‌ಗಳ ಅದೇ ಪೀಕ್‌ಗಳು ಎದ್ದವು. ಅಲ್ಲಿಗೆ ಮಾತು ಮುಗಿಯಿತು. ಕೆರೆಯದೆ, ಉಳಿದ ಬಿಲ್ಲೆಗಳನ್ನು ಓರೆ ಮಾಡಿ ಬೇರೆ ಬೇರೆ ಕೋನದಲ್ಲಿ ಅಳೆದು ಕೊಟ್ಟರು. ಹಳೆಯದು, ಹೊಸದು ಎರಡೂ ಹೆಚ್ಚುಕಡಿಮೆ 5. ಆ 9 ಎಲ್ಲಿಂದ ಬಂತು ಅಂದರೆ, ಕೆರೆತದ ವೇಗವನ್ನು ಟ್ಯಾಂಟಲಮ್ ಆಕ್ಸೈಡ್ ಮೇಲೆ ಅಳೆದು ಟೈಟೇನಿಯಂಗೂ ಹಾಗೇ ಹಾಕಿದ್ದರು. ಟ್ಯಾಂಟಲಮ್ ಆಕ್ಸೈಡ್ ಬೇಗ ಸವೆಯುತ್ತದೆ, ಅದಕ್ಕೇ ದಪ್ಪ ಜಾಸ್ತಿ ಬಂತು. ರಿಪೋರ್ಟ್‌ನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ.

ಓರೆ ಮಾಡಿ ಅಳೆಯುವುದು ನಯವಾದ ಮೇಲ್ಮೈಗೆ ಮಾತ್ರ. ಸ್ಕ್ರೂ ಎಳೆಗಳ ಮೇಲೆ ಆ ಲೆಕ್ಕ ನಂಬಬೇಡಿ.

ಅಲ್ಲಿನ ಟೆಕ್ನಿಷಿಯನ್ ಮಾತ್ರ ಅಪ್ಪಟ ಕೆಲಸಗಾರ. ಹೊಸ ಬಿಲ್ಲೆಗಳಲ್ಲಿ 102 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಸಿಲಿಕಾನ್ ಪೀಕ್ ಕಂಡಿತ್ತು. ನಾನು ಸಿಟ್ರಿಕ್ ಟ್ಯಾಂಕನ್ನೇ ಅನುಮಾನಿಸಿದ್ದೆ. ಅವರೇ ಫೋನ್ ಮಾಡಿ, "ಮೇಡಂ, ಇವನ್ನ ಯಾವ ಕವರ್‌ನಲ್ಲಿ ಹಾಕಿದ್ರಿ?" ಎಂದರು. ಜಿಪ್ ಕವರ್! ಹಳೆಯವು ಗಾಜಿನ ಶೀಶೆಯಲ್ಲಿ ಹೋಗಿದ್ದವು. ಮತ್ತೊಂದು ಹೊಸ ಬಿಲ್ಲೆಯನ್ನು ಶೀಶೆಯಲ್ಲಿ ಕಳಿಸಿದಾಗ ಸಿಲಿಕಾನ್ ಮಾಯ. ಕವರ್‌ನ ಸಿಲಿಕೋನ್ ಅಂಟಿತ್ತು. ಕಾರ್ಬನ್ ಪೀಕ್ ನೋಡಿ ಮಾತ್ರ ಗಾಬರಿಯಾಗಬೇಡಿ, ಗಾಳಿ ಸೋಕಿದ ಎಲ್ಲದರಲ್ಲೂ ಅದು ಇರುತ್ತದೆ.

ಮೊದಲು ಕೊಟ್ಟಿದ್ದು ಬರೀ ಪಿಡಿಎಫ್. ಕೇಳಿದ ಮೇಲೆ ಮೂಲ ಡೇಟಾ ಕೊಟ್ಟರು, ಗೊಣಗಲಿಲ್ಲ. ಮುಂದಿನ ತಿಂಗಳು ಕೋಬಾಲ್ಟ್-ಕ್ರೋಮಿಯಂ ಬಿಲ್ಲೆಗಳನ್ನು ಅಲ್ಲಿಗೇ ಕಳಿಸುತ್ತಿದ್ದೇನೆ. ಶೀಶೆಯಲ್ಲಿ. ಆರ್ಡರ್ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಕೇಳದೆ ಆರ್ಗಾನ್ ಹಚ್ಚಬೇಡಿ.