ಮೆನು, ಲಿಸ್ಪ್ ಬಿಡದೆ ಕ್ಯಾಡ್ ಬದಲಿಸುವುದು: ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್, ಆಟೋಕ್ಯಾಡ್ ಎಲ್‌ಟಿ

ಬಸವನಗುಡಿಯ ನಮ್ಮ ಚಿಕ್ಕ ವಾಸ್ತುಶಿಲ್ಪ ಕಚೇರಿಯಲ್ಲಿ ನಕ್ಷೆ ಬರೆಯುವ (ಕ್ಯಾಡ್) ತಂತ್ರಾಂಶವಾದ ಆಟೋಕ್ಯಾಡ್‌ನ ವಾರ್ಷಿಕ ಚಂದಾ ಮುಗಿಯುವ ಹೊತ್ತಿಗೆ ಅದರ ಬದಲಿಗೆ ಮೂರು ದಾರಿಗಳನ್ನು ಪರೀಕ್ಷಿಸಿ ಬ್ರಿಕ್ಸ್‌ಕ್ಯಾಡ್ ಕೊಂಡೆವು. ಈ ಆಯ್ಕೆಯಿಂದ ನನಗೆ ಪೂರ್ಣ ತೃಪ್ತಿಯಿದೆ. ನಕ್ಷೆಯ ಕಡತವಾದ ಡಿಡಬ್ಲ್ಯುಜಿ ತೆರೆಯುವುದು, ಗೆರೆ ಎಳೆಯುವುದು ಎಲ್ಲದರಲ್ಲೂ ಆಗುವ ಕೆಲಸ. ನಮಗೆ ಮುಖ್ಯವಾಗಿದ್ದದ್ದು ವರ್ಷಗಳಿಂದ ಕೂಡಿಸಿಕೊಂಡ ಮೆನು ಮತ್ತು ಲಿಸ್ಪ್ (ಕ್ಯಾಡ್‌ನ ಕೆಲಸಗಳನ್ನು ತಾನಾಗಿ ಮಾಡಿಸುವ ಚಿಕ್ಕ ಪ್ರೋಗ್ರಾಂ) ಕಡತಗಳು: 30×40 ಸೈಟಿಗೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ) ಗೆರೆ ಹಾಕುವುದು, ಕೋಣೆಗಳ ವಿಸ್ತೀರ್ಣವನ್ನು ಎಕ್ಸೆಲ್‌ಗೆ ಕಳಿಸುವುದು, ಹಾಳೆಗಳನ್ನೆಲ್ಲ ಒಟ್ಟಿಗೆ ಪಿಡಿಎಫ್ ಮಾಡುವುದು.

ಆಟೋಕ್ಯಾಡ್‌ನ ಕಡಿಮೆ ಸೌಲಭ್ಯದ ರೂಪವಾದ ಆಟೋಕ್ಯಾಡ್ ಎಲ್‌ಟಿಗೆ 2024ರ ಆವೃತ್ತಿಯಿಂದ ಆಟೋಲಿಸ್ಪ್ (ಆಟೋಕ್ಯಾಡ್‌ನ ಲಿಸ್ಪ್) ಬಂದಿದೆ. ಆದರೆ ಎಕ್ಸೆಲ್‌ನಂಥ ಹೊರಗಿನ ತಂತ್ರಾಂಶವನ್ನು ಲಿಸ್ಪ್‌ನಿಂದ ನಡೆಸಲು ಅದು ಬಿಡುವುದಿಲ್ಲ, ಚಂದಾ ತಪ್ಪುವುದೂ ಇಲ್ಲ.

ಬ್ರಿಕ್ಸ್‌ಕ್ಯಾಡ್ ನಮ್ಮ ಸಿಯುಐಎಕ್ಸ್ (ಆಟೋಕ್ಯಾಡ್‌ನ ಮೆನು ಕಡತದ ರೂಪ) ಮೆನುವನ್ನು ನೇರವಾಗಿ ಓದಿತು. ನಾವೇ ಬರೆದ ಚಿತ್ರಗಳಿದ್ದ ಗುಂಡಿಗಳು ಹಾಗೆಯೇ ಬಂದವು. ಆಟೋಕ್ಯಾಡ್‌ನ ಸ್ವಂತ ಚಿತ್ರಗಳನ್ನು ಬಳಸಿದ್ದ ಗುಂಡಿಗಳು ಮಾತ್ರ ಖಾಲಿಯಾಗಿ ಕಂಡವು, ಏಕೆಂದರೆ ಆ ಚಿತ್ರಗಳು ಇರುವುದು ಆಟೋಕ್ಯಾಡ್‌ನ ಒಳಗೆ, ನಮ್ಮ ಮೆನು ಕಡತದಲ್ಲಲ್ಲ. ಪ್ರತಿ ನಕ್ಷೆ ತೆರೆದಾಗ ಆಟೋಕ್ಯಾಡ್ ತಾನಾಗಿ ನಡೆಸುವ ಅಕ್ಯಾಡ್‌ಡಾಕ್.ಎಲ್‌ಎಸ್‌ಪಿಯಲ್ಲಿದ್ದ ಸಾಲುಗಳನ್ನು, ಬ್ರಿಕ್ಸ್‌ಕ್ಯಾಡ್‌ನಲ್ಲಿ ಅದೇ ಕೆಲಸ ಮಾಡುವ ಆನ್_ಡಾಕ್_ಲೋಡ್.ಎಲ್‌ಎಸ್‌ಪಿ ಎಂಬ ಕಡತಕ್ಕೆ ಸೇರಿಸಿದೆವು.

ನಿಜವಾಗಿ ಸತಾಯಿಸಿದ್ದು ಪಿಡಿಎಫ್ ಲಿಸ್ಪ್. ಅದು ಪ್ಲಾಟ್ (ಮುದ್ರಣದ) ಆಜ್ಞೆ ಕೇಳುವ ಪ್ರಶ್ನೆಗಳಿಗೆ ಒಂದರ ಹಿಂದೊಂದು ಉತ್ತರ ಕೊಡುತ್ತಾ ಹೋಗುತ್ತದೆ. ಆಟೋಕ್ಯಾಡ್‌ನಲ್ಲಿ ಪ್ರಿಂಟರಿನ ಹೆಸರು ‘ಡಿಡಬ್ಲ್ಯುಜಿ ಟು ಪಿಡಿಎಫ್.ಪಿಸಿ3’, ಬ್ರಿಕ್ಸ್‌ಕ್ಯಾಡ್‌ನಲ್ಲಿ ‘ಪ್ರಿಂಟ್ ಆಸ್ ಪಿಡಿಎಫ್.ಪಿಸಿ3’. ಹಳೆಯ ಹೆಸರು ಸಿಗದಾಗ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಲಿಸ್ಪ್ ಮಾತ್ರ ಮುಂದಿನ ಉತ್ತರವಾದ ಹಾಳೆಯ ಅಳತೆಯನ್ನು ಕೊಟ್ಟುಬಿಡುತ್ತದೆ, ಅಲ್ಲಿಂದಾಚೆಗೆ ಒಂದು ಉತ್ತರವೂ ತನ್ನ ಪ್ರಶ್ನೆಗೆ ಕೂಡುವುದಿಲ್ಲ. ನಕ್ಷೆಯ ಮುದ್ರಣದಂಗಡಿಗೆ ನಾವು ಕಳಿಸುವುದು ಪಿಡಿಎಫ್ ಮಾತ್ರವಾದ್ದರಿಂದ ಇಷ್ಟಕ್ಕೇ ಇಡೀ ಕಚೇರಿಯ ಕೆಲಸ ನಿಂತಿತು.

ಪರಿಹಾರ ಕಷ್ಟದ್ದೇನಲ್ಲ. ಈಗ ಯಾವ ತಂತ್ರಾಂಶ ನಡೆಯುತ್ತಿದೆಯೆಂದು ಹೇಳುವ ‘ಪ್ರೋಗ್ರಾಂ’ ಎಂಬ ಸಿಸ್ಟಂ ವೇರಿಯಬಲ್ ಆಟೋಕ್ಯಾಡ್‌ನಲ್ಲಿ ‘ಅಕ್ಯಾಡ್’ ಎಂದೂ ಬ್ರಿಕ್ಸ್‌ಕ್ಯಾಡ್‌ನಲ್ಲಿ ‘ಬ್ರಿಕ್ಸ್‌ಕ್ಯಾಡ್’ ಎಂದೂ ಉತ್ತರಿಸುತ್ತದೆ. ಅದನ್ನು ನೋಡಿಕೊಂಡು ಪ್ರಿಂಟರಿನ ಹೆಸರನ್ನೂ ಎ1 ಹಾಳೆಯ ಹೆಸರನ್ನೂ ಆರಂಭದಲ್ಲೇ ಆರಿಸಿಕೊಳ್ಳುವಂತೆ ಬರೆದ ಮೇಲೆ, ಅದೇ ಕಡತ ಎರಡೂ ಕಡೆ ನಡೆಯುತ್ತಿದೆ. ಯಾವ ಬಣ್ಣದ ಗೆರೆ ಎಷ್ಟು ದಪ್ಪ ಮುದ್ರಣವಾಗಬೇಕೆಂದು ಹೇಳುವ ಸಿಟಿಬಿ ಕಡತಗಳನ್ನು ಮುಟ್ಟಬೇಕಾಗಲಿಲ್ಲ. ಉತ್ತರ ಎಲ್ಲಿ ಜಾರುತ್ತಿದೆಯೆಂದು ಹಿಡಿಯಲು ಬ್ರಿಕ್ಸ್‌ಕ್ಯಾಡ್‌ನೊಳಗೇ ಇರುವ, ಲಿಸ್ಪ್ ಬರೆದು ತಿದ್ದುವ ಸಾಧನವಾದ ‘ಬ್ಲೇಡ್’ ನೆರವಾಯಿತು. ಲಿಸ್ಪ್ ಅನ್ನು ಸಾಲು ಸಾಲಾಗಿ ನಿಲ್ಲಿಸಿ ಪ್ರತಿ ಹೆಜ್ಜೆಯಲ್ಲಿ ಬರುವ ಮೌಲ್ಯವನ್ನು ಅದರಲ್ಲಿ ನೋಡಬಹುದು.

ಝಡ್‌ಡಬ್ಲ್ಯೂಕ್ಯಾಡ್ ನಮಗೆ ಬಂದ ದರಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿತ್ತು, ಸೆಟ್‌ಬ್ಯಾಕ್ ಲಿಸ್ಪ್ ಅಲ್ಲಿಯೂ ಚೆನ್ನಾಗಿ ನಡೆಯಿತು. ಅದರ ಪ್ಲಾಟರ್ (ಪ್ರಿಂಟರ್) ಕಡತಗಳು ಪಿಸಿ3 ಅಲ್ಲ, ಪಿಸಿ5 ರೂಪದವು; ಅಲ್ಲಿಯೂ ಹೆಸರು ತಿದ್ದಲೇಬೇಕು. ಸ್ವಂತ ಲಿಸ್ಪ್ ಬರೆಯದ, ಗೆರೆ ಎಳೆಯುವುದಷ್ಟೇ ಕೆಲಸವಾಗಿರುವ ಕಚೇರಿಗೆ ನಾನು ಅದನ್ನೇ ಹೇಳುತ್ತೇನೆ. ದಿನವೂ ಒಂದಲ್ಲ ಒಂದು ಲಿಸ್ಪ್ ತಿದ್ದುವ ನನಗೆ ಬ್ಲೇಡ್‌ಗಾಗಿ ಹೆಚ್ಚು ಕೊಡುವುದು ಸರಿಯೆನಿಸಿತು. ಒಮ್ಮೆ ಹಣ ಕಟ್ಟಿದರೆ ಆ ಆವೃತ್ತಿ ಶಾಶ್ವತವಾಗಿ ನಮ್ಮದೇ ಎಂಬುದು, ಹಣ ಬರುವ ತಿಂಗಳು ಬಾರದ ತಿಂಗಳು ಎರಡೂ ಇರುವ ಕಚೇರಿಗೆ ದೊಡ್ಡ ನೆಮ್ಮದಿ.

ಒಂದು ಕಡತ ಮಾತ್ರ ನಮ್ಮೊಂದಿಗೆ ಬರಲಿಲ್ಲ. ಬಾಗಿಲು–ಕಿಟಕಿಗಳ ಪಟ್ಟಿ ಮಾಡುವ ಲಿಸ್ಪ್ ಅನ್ನು ಹಿಂದೆ ಹೊರಗಿನವರೊಬ್ಬರಿಂದ ಬರೆಸಿದ್ದೆವು. ಅವರು ಮೂಲ ಬರಹ ಕೊಡದೆ ವಿಎಲ್‌ಎಕ್ಸ್ ಮಾತ್ರ ಕೊಟ್ಟಿದ್ದರು. ಎಫ್‌ಎಎಸ್, ವಿಎಲ್‌ಎಕ್ಸ್ ಎಂಬವು ಆಟೋಕ್ಯಾಡ್‌ಗಾಗಿ ಕಂಪೈಲ್ ಮಾಡಿದ, ತೆರೆದು ಓದಲಾಗದ ಲಿಸ್ಪ್ ಕಡತಗಳು; ಅವುಗಳನ್ನು ಬ್ರಿಕ್ಸ್‌ಕ್ಯಾಡ್ ಓದುವುದಿಲ್ಲ. ನಿಮ್ಮ ಕಚೇರಿ ಅಂಥ ಕಡತಗಳನ್ನೇ ನೆಚ್ಚಿಕೊಂಡಿದ್ದರೆ, ಅವುಗಳ ಮೂಲ ಬರಹವಾದ ಎಲ್‌ಎಸ್‌ಪಿ ಕೈಗೆ ಬರುವವರೆಗೆ ಆಟೋಕ್ಯಾಡ್ ಚಂದಾ ಮುಂದುವರಿಸುವುದೇ ಲೇಸು.