ಫಾರ್ ಎಕ್ಸ್‌ಎಂಎಲ್ ಪಾತ್: ಎಂಟು ವರ್ಷ ದಿನಾ ಬಳಸಿದ ಮೇಲೆ

ನಮ್ಮಲ್ಲಿ ದಿನಾ ರಾತ್ರಿ ಆರ್ಡರ್‌ಗಳ ವಿವರ ಎಕ್ಸ್‌ಎಂಎಲ್ ಫೈಲ್ (ಟ್ಯಾಗ್‌ಗಳೊಳಗೆ ಡೇಟಾ ಇಡುವ ಪಠ್ಯ ಫೈಲ್) ಆಗಿ ಹೊರಗೆ ಹೋಗಬೇಕು. ಆರ್ಡರ್ ಒಳಗೆ ಐಟಂಗಳು, ಪ್ರತಿ ಐಟಂ ಒಳಗೆ ತೆರಿಗೆ ಸಾಲುಗಳು. ಇದನ್ನು ಮಾಡುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಫಾರ್ ಎಕ್ಸ್‌ಎಂಎಲ್, ಅಂದರೆ ಕ್ವೆರಿಯ ಉತ್ತರವನ್ನು ಎಕ್ಸ್‌ಎಂಎಲ್ ಆಗಿ ಕೊಡುವ ಸೌಲಭ್ಯ. ನಾನು ಸೇರಿದಾಗ ಇದೆಲ್ಲ ಅದರ ಹಳೆಯ ಎಕ್ಸ್‌ಪ್ಲಿಸಿಟ್ ಮೋಡ್‌ನಲ್ಲಿತ್ತು. ಪ್ರತಿ ಹಂತಕ್ಕೂ ಒಂದು ಸೆಲೆಕ್ಟ್ (ಡೇಟಾ ಕೇಳುವ ಕ್ವೆರಿ), ಇದು ಯಾವ ಹಂತ, ಇದರ ಮೇಲಿನದು ಯಾವುದು ಅಂತ ಹೇಳುವ ಟ್ಯಾಗ್ ಮತ್ತು ಪೇರೆಂಟ್ ಕಾಲಮ್, ಎಲ್ಲವನ್ನೂ ಯೂನಿಯನ್ ಆಲ್ ಹಾಕಿ ಹೊಲಿಯಬೇಕು. ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ತಪ್ಪಿದರೆ ಒಬ್ಬರ ಐಟಂ ಇನ್ನೊಬ್ಬರ ಆರ್ಡರ್‌ನಲ್ಲಿ ಹೋಗಿ ಕೂರುತ್ತದೆ. ಒಂದು ಫೀಲ್ಡ್ ಸೇರಿಸೋಕೂ ಭಯ ಆಗುತ್ತಿತ್ತು.

2005ರ ಆವೃತ್ತಿಯಲ್ಲಿ ಬಂದ ಪಾತ್ ಮೋಡ್‌ಗೆ ಅದನ್ನು ಬದಲಾಯಿಸಿದೆ. ಸೆಲೆಕ್ಟ್ ಒಳಗೊಂದು ಸೆಲೆಕ್ಟ್, ಅದರೊಳಗೆ ಇನ್ನೊಂದು. ಫೈಲ್ ಹೇಗೆ ಕಾಣಬೇಕೋ ಕ್ವೆರಿಯೂ ಹಾಗೇ ಕಾಣುತ್ತದೆ. ನನಗೆ ಇದು ತುಂಬಾ ಇಷ್ಟವಾಗಿದ್ದು ಇದಕ್ಕೇ. ಹೊಸಬರು ಕೂಡ ಓದಿ ತಿದ್ದಬಲ್ಲರು.

ಆದರೆ ಒಳಗಿನ ಪ್ರತಿ ಕ್ವೆರಿಯ ಕೊನೆಗೆ ಟೈಪ್ ಅಂತ ಬರೆಯಲೇಬೇಕು. ಮರೆತರೆ ಒಳಗಿನದು ಬರೀ ಪಠ್ಯವಾಗಿ ಬರುತ್ತದೆ, ಟ್ಯಾಗ್‌ಗಳ ಕೋನ ಚಿಹ್ನೆಯೆಲ್ಲ < > ಆಗಿಬಿಡುತ್ತವೆ. ನಾನು ಇದಕ್ಕೆ ಎರಡು ದಿನ ಒದ್ದಾಡಿದ್ದೇನೆ. ಹೊರಗಿನ ಕ್ವೆರಿಗೂ ಟೈಪ್ ಹಾಕಿ. ಇಲ್ಲದಿದ್ದರೆ ಉತ್ತರ 2033 ಅಕ್ಷರಗಳ ತುಂಡುಗಳಾಗಿ ಬರುತ್ತದೆ. ನಮ್ಮ ಪ್ರೋಗ್ರಾಂ ಮೊದಲ ಸಾಲನ್ನು ಮಾತ್ರ ಓದುತ್ತಿತ್ತು. ಚಿಕ್ಕ ಆರ್ಡರ್ ಸರಿ ಹೋಗುತ್ತಿತ್ತು, ದೊಡ್ಡದು ಅರ್ಧಕ್ಕೇ ನಿಲ್ಲುತ್ತಿತ್ತು. ಟೆಸ್ಟ್‌ನಲ್ಲಿ ಇದು ಸಿಗೋದೇ ಇಲ್ಲ, ಅಲ್ಲಿ ಯಾವಾಗಲೂ ಚಿಕ್ಕ ಡೇಟಾ ಅಲ್ವಾ.

ನಲ್ (ಮೌಲ್ಯವೇ ಇಲ್ಲ ಅಂತ) ಇದ್ದ ಕಾಲಮ್‌ನ ಟ್ಯಾಗೇ ಬರುವುದಿಲ್ಲ. ಖಾಲಿ ಟ್ಯಾಗ್ ಬೇಕೆನ್ನುವವರಿಗೆ ಎಲಿಮೆಂಟ್ಸ್ ಎಕ್ಸ್‌ಎಸ್‌ಐನಿಲ್ ಇದೆ. @ ಹಾಕಿದ ಆಟ್ರಿಬ್ಯೂಟ್ (ಟ್ಯಾಗ್ ಒಳಗೇ ಬರೆಯುವ ಮೌಲ್ಯ) ಕಾಲಮ್‌ಗಳನ್ನು ಮೊದಲೇ ಬರೆಯಿರಿ, ಎಲಿಮೆಂಟ್ (ತನ್ನದೇ ಟ್ಯಾಗ್ ಇರುವ ಕಾಲಮ್) ಆದಮೇಲೆ ಬರೆದರೆ ಎರರ್.

ನನಗೆ ಇವತ್ತಿಗೂ ಬೇಸರ ತರುವುದು ನೇಮ್‌ಸ್ಪೇಸ್, ಅಂದರೆ ಟ್ಯಾಗ್‌ಗಳ ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಹೇಳುವ ಘೋಷಣೆ. ಮೇಲೆ ಒಂದು ಸಲ ಹೇಳಿದರೂ ಒಳಗಿನ ಪ್ರತಿ ಕ್ವೆರಿಯ ಉತ್ತರದಲ್ಲೂ ಅದೇ ಘೋಷಣೆ ಮತ್ತೆ ಮತ್ತೆ ಬರುತ್ತದೆ. ಫೈಲ್ ತಪ್ಪಲ್ಲ, ಆದರೆ ಸುಮ್ನೆ ಊದಿಕೊಳ್ಳುತ್ತದೆ. ಈಗ ನಾನು ನೇಮ್‌ಸ್ಪೇಸ್ ಇಲ್ಲದೆ ಎಕ್ಸ್‌ಎಂಎಲ್ ಮಾಡಿಸಿ, ಕಳಿಸುವ ಮುಂಚೆ ಪ್ರೋಗ್ರಾಂನಲ್ಲಿ ಸೇರಿಸುತ್ತೇನೆ.

ಮೂರು ನಾಲ್ಕು ಹಂತದವರೆಗೆ ಕಣ್ಣು ಮುಚ್ಚಿ ಬಳಸಿ. ಟೇಬಲ್‌ಗಳನ್ನು ಜೋಡಿಸುವ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಮಾತ್ರ ಮರೆಯಬೇಡಿ. ಒಳಗಿನ ಸೆಲೆಕ್ಟ್ ಪ್ರತಿ ಆರ್ಡರ್‌ಗೂ ಟೇಬಲ್ ಪೂರ್ತಿ ಹುಡುಕಬೇಕಾಗಿ ಬಂದರೆ ರಾತ್ರಿಯ ಕೆಲಸ ಬೆಳಗಾದರೂ ಮುಗಿಯುವುದಿಲ್ಲ.