ಒಂಬೈನೂರು ರೂಪಾಯಿಯೋ, ಇಡೀ ಒಂದು ದಿನವೋ

ಕೆಲಸ ಹೋದ ದಿನವೇ ಕಂಪನಿಯ ಆರೋಗ್ಯ ವಿಮೆಯೂ ಹೋಯಿತು. ಆಮೇಲೆ ಹಿಡಿದದ್ದು ಪುಟದ ಲೆಕ್ಕದಲ್ಲಿ ಕರಡು ತಿದ್ದುವ ಕೆಲಸ: ಪುಟಕ್ಕೆ ಇಪ್ಪತ್ತು ರೂಪಾಯಿ, ದಿನಕ್ಕೆ ನಲವತ್ತೈದು ಪುಟ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಮೊಬೈಲ್ ಸದ್ದಾದರೆ ಕೈ ನಡುಗುವುದು ಶುರುವಾಯಿತು. ವಿಮೆ ಇಲ್ಲದೆ ಎಲ್ಲಿಗೆ ಹೋಗುವುದೆಂದು ಹೆದರಿ ಮತ್ತೂ ಒಂದು ತಿಂಗಳು ಸುಮ್ಮನಿದ್ದೆ.

ಹಳೆಯ ಪಾಲಿಸಿಯನ್ನು ತೆಗೆದು ಓದಿದಾಗ ನಗು ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು ಹೇಳುತ್ತದೆ. ಆದರೆ ನನ್ನ ಪಾಲಿಸಿ ಹಣ ಕೊಡುತ್ತಿದ್ದುದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ವೈದ್ಯರ ಶುಲ್ಕ, ಮಾತ್ರೆ, ಆಪ್ತಸಮಾಲೋಚನೆ ಎಲ್ಲಕ್ಕೂ ಆಗಲೂ ಕೈಯಿಂದಲೇ ಕೊಡಬೇಕಿತ್ತು. ಇಲ್ಲದ್ದನ್ನು ಕಳೆದುಕೊಂಡೆನೆಂದು ಅತ್ತಿದ್ದೆ.

ಮೊದಲು ಹೋದದ್ದು ನಮ್ಮ ಬಡಾವಣೆಯ ಖಾಸಗಿ ಮನೋವೈದ್ಯರ ಬಳಿಗೆ. ಶುಲ್ಕ ಒಂಬೈನೂರು. ಸಂಜೆ ಏಳರ ಸಮಯ ಕೊಟ್ಟರು, ಏಳೂ ಕಾಲಕ್ಕೆ ಒಳಗೆ ಕರೆದರು. ಥೈರಾಯಿಡ್ ಪರೀಕ್ಷೆ ಮಾಡಿಸಲು ಹೇಳಿ ಮಾತ್ರೆ ಬರೆದರು. ಮೊದಲ ಭೇಟಿ ಇಪ್ಪತ್ತು ನಿಮಿಷ, ಎರಡನೆಯದು ಆರೇ ನಿಮಿಷ. ಗಡಿಯಾರ ನೋಡಿದ್ದು ನಾನೇ, ಅವರಲ್ಲ. ಆದರೂ ನಿದ್ದೆ ಮರಳಿದ್ದು ಅವರ ಮಾತ್ರೆಯಿಂದಲೇ, ಅದನ್ನು ಮರೆಮಾಚುವುದಿಲ್ಲ.

ಮಾತನಾಡಬೇಕೆನಿಸಿದಾಗ ಒಂದು ಆ್ಯಪ್ ಹಿಡಿದೆ. ನಲವತ್ತೈದು ನಿಮಿಷಕ್ಕೆ ಸಾವಿರದ ಇನ್ನೂರು. ಆ ಕಡೆ ಇದ್ದಾಕೆ ಒಳ್ಳೆಯವಳು, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ಹೊಟ್ಟೆಯೊಳಗೆ ಸಂಕಟ ಎನ್ನುವುದನ್ನು ಇಂಗ್ಲಿಷಿಗೆ ತರಲು ಹೆಣಗಿದೆ. ‘ಆಸಿಡಿಟಿಯೇ?’ ಎಂದು ಕೇಳಿದಳು. ಎರಡೇ ಸಲಕ್ಕೆ ಬಿಟ್ಟೆ.

ಒಂದು ರಾತ್ರಿ 14416ಕ್ಕೆ ಕರೆ ಮಾಡಿದೆ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿಯೂ ಅದೇ ಮಾತು ಹೇಳಿದೆ. ‘ಸಂಕಟ ಅಂದರೆ ಉರಿಯೇ ಅಮ್ಮಾ, ತಳಮಳವೇ?’ ಎಂದರು. ಸಾವಿರದ ಇನ್ನೂರಕ್ಕೆ ಸಿಗದ ಪ್ರಶ್ನೆ ಪುಕ್ಕಟೆ ಸಿಕ್ಕಿತು. ಮರುವಾರ ಕರೆ ಮಾಡಿದಾಗ ಎತ್ತಿದವರು ಬೇರೆಯವರು, ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ನಡುರಾತ್ರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತಿಂಗಳುಗಟ್ಟಲೆಯ ಚಿಕಿತ್ಸೆಗೆ ನನಗೆ ಅದೊಂದೇ ಸಾಲದು.

ಕೊನೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್. ಹೆಸರು ಹೇಳಿದರೆ ಮನೆಯವರು ಗಾಬರಿಯಾಗುತ್ತಾರೆಂದು ಅದನ್ನೇ ಕಡೆಗೆ ಇಟ್ಟುಕೊಂಡಿದ್ದೆ. ನಮ್ಮ ದೊಡ್ಡಮ್ಮನಿಗೆ ಅದು ಇಂದಿಗೂ ಹುಚ್ಚಾಸ್ಪತ್ರೆಯೇ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟೆ. ಶಕ್ತಿ ಯೋಜನೆಯಿಂದಾಗಿ ಬಸ್ಸಿಗೆ ಕಾಸಿಲ್ಲ. ಹೊರರೋಗಿ ವಿಭಾಗದಲ್ಲಿ ಹೆಸರು ಬರೆಸಿ, ಕಡತ ಮಾಡಿಸಿಕೊಂಡು ಕುಳಿತೆ. ಪಕ್ಕದಲ್ಲಿ ಚಿಂತಾಮಣಿ ಕಡೆಯ ಅಜ್ಜಿ, ಮೊಮ್ಮಗನನ್ನು ಕರೆತಂದಿದ್ದರು. ಸೆರಗಿನ ಗಂಟಿನಿಂದ ಕಡಲೆಬೀಜ ಬಿಚ್ಚಿ ಕೊಡುತ್ತಾ ‘ನಿನಗೇನಮ್ಮಾ, ನೋಡೋಕೆ ಚೆನ್ನಾಗಿಯೇ ಇದ್ದೀಯಲ್ಲ’ ಎಂದರು. ಏನೆಂದು ಹೇಳಲಿ? ನಿದ್ದೆ ಬರುವುದಿಲ್ಲ ಅಜ್ಜಿ ಎಂದೆ. ‘ಅದೇ ದೊಡ್ಡ ಕಾಯಿಲೆ ಬಿಡು’ ಎಂದು ಇನ್ನೊಂದು ಹಿಡಿ ಬೀಜ ಸುರಿದರು.

ಒಳಗೆ ಕಿರಿಯ ವೈದ್ಯೆಯೊಬ್ಬರು ಮುಕ್ಕಾಲು ಗಂಟೆ ಕೇಳಿದರು. ನಿದ್ದೆ ಬರುವುದು ತಡವೋ, ನಡುವೆ ಕೆಡುವುದೋ? ಅಮ್ಮನ ಕಡೆ ಯಾರಿಗಾದರೂ ಹೀಗಾಗಿತ್ತೇ? ಎಲ್ಲವನ್ನೂ ಬರೆದುಕೊಂಡು ಹಿರಿಯರೊಡನೆ ಚರ್ಚಿಸಿದರು. ಅವರು ಬಂದು ಮತ್ತೆರಡು ಪ್ರಶ್ನೆ ಕೇಳಿ ಮಾತ್ರೆಯ ಪ್ರಮಾಣ ಬದಲಿಸಿದರು. ಆರು ನಿಮಿಷದ ಭೇಟಿಯಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಿದ್ದೆ. ಕೊಟ್ಟ ಹಣ ಅತ್ಯಲ್ಪ. ಬಿಪಿಎಲ್ ಕಾರ್ಡ್ ಇದ್ದವರಿಗೆ ರಿಯಾಯಿತಿಯೂ ಉಂಟು. ಆದರೆ ಮನೆ ಸೇರಿದಾಗ ಸಂಜೆ ನಾಲ್ಕು. ಆ ದಿನದ ನಲವತ್ತೈದು ಪುಟ ಹೋಯಿತು, ಎಂದರೆ ಒಂಬೈನೂರು ರೂಪಾಯಿ. ಖಾಸಗಿ ವೈದ್ಯರ ಶುಲ್ಕವೂ ಅಷ್ಟೇ! ತಿಂಗಳ ಸಂಬಳದವರಿಗೆ, ರಜೆ ಇರುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಹಾಗಿದ್ದರೂ ನಾನು ಉಳಿದದ್ದು ನಿಮ್ಹಾನ್ಸ್‌ನಲ್ಲೇ. ಒಂಬೈನೂರಕ್ಕೆ ಮುಕ್ಕಾಲು ಗಂಟೆ ಕೇಳಿಸಿಕೊಳ್ಳುವವರು ಬೇರೆಲ್ಲಿ ಸಿಗುತ್ತಾರೆ? ಮಾತ್ರೆಯನ್ನು, ವೈದ್ಯರನ್ನು ಕೇಳಿದ ಮೇಲೆ, ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತೇನೆ. ಬ್ರ್ಯಾಂಡ್ ಬೇರೆ, ಒಳಗಿನ ಔಷಧ ಒಂದೇ; ತಿಂಗಳಿಗೆ ಮುನ್ನೂರಾಗುತ್ತಿದ್ದದ್ದು ಈಗ ನೂರರೊಳಗೆ ಮುಗಿಯುತ್ತದೆ.

ಮುಂದಿನ ತಾರೀಖು ಗುರುವಾರಕ್ಕೆ ಬಿದ್ದಿದೆ. ಆ ದಿನದ ಪುಟಗಳನ್ನು ಬುಧವಾರವೇ ಮುಗಿಸಬೇಕು, ಅದೂ ಹತ್ತು ಗಂಟೆಯೊಳಗೆ. ನಿದ್ದೆಗೆಡಬಾರದೆಂದು ಹೇಳಿದ್ದಾರೆ.